ಎರಡನೇ ನಗುವಿಗೆ ಶೇಂಗಾ

ಬನಹಟ್ಟಿಯ ಆ ಟಾಕೀಸಿಗೆ ಹಿಂಬದಿಯ ಗ್ವಾಡಿ ಒಂದು,
ಗ್ವಾಡಿಗೆ ಬೆನ್ನು ಕೊಟ್ಟು ಮಾಲನಬಿ,
ಆಕಿ ಮುಂದ ಒಲಿ, ಒಲಿ ಮ್ಯಾಲ ಬಾಣಲಿ,
ಬಾಣಲಿಯೊಳಗ ಕರಿ ಉಸುಕು.
ಇಪ್ಪತ್ತೆರಡು ವರ್ಷ ಕುಂತಳು.
ಒಂದು ಸಿನಿಮಾ ನೋಡಲಿಲ್ಲ.
ಎಲ್ಲಾ ಕೇಳಿದಳು.

ನಾಯಕನ ಮಾತು ಗ್ವಾಡಿ ದಾಟತಿರಲಿಲ್ಲ,
ನಾಯಕಿಯ ಅಳು ಸುದ್ದಾ ಕಲ್ಲಿನಾಗ ಇಂಗಿ ಹೋಗೂದು.
ದಾಟಿ ಬರತಿದ್ದಾಂವ ಒಬ್ಬನ,
ಮಾಂತ್ರಿಕ.
ಓಣಿ ತುಂಬ ಮಗ್ಗ ಬಡಕೊಳ್ಳೂವಾಗಲೂ
ಲಾಳಿ ಸಪ್ಪಳ ಮೆಟ್ಟಿ ಬರತಿತ್ತು ಅವನ ನಗು,
ಮದ್ಲು ಗಂಟಲಾಗ, ಆಮ್ಯಾಲ ಹೊಟ್ಟಿಯಾಗ,
ಕಡೀಕ ಯಾವುದೋ ಗವಿಯಾಗ.
"ಬಂದ ನೋಡು ನಗಾಂವ" ಅಂತಿದ್ದಳು ಮಾಲನಬಿ,
ಬಾಕಿ ಕೊಡಬೇಕಾದಾಂವ ಬಂದಂಗ.

ಅವ ಆಕಿ ಗಡಿಯಾರ.
ಮೊದಲನೇ ನಗುವಿಗೆ ಒಲಿ ಊದಬೇಕು.
ಎರಡನೇ ನಗುವಿಗೆ ಶೇಂಗಾ ಸುರೀಬೇಕು.
ರಾಜಕುಮಾರಿ ಕಲ್ಲಾಗೂದಕ್ಕೂ, ಇಂಟರ್‌ವಲ್ ಗಂಟಿಗೂ,
ಕಾಳು ಚಟಚಟ ಸಿಡಿಯೂದಕ್ಕೂ ಸರಿ ಹೊಂದತಿತ್ತು.
ಒಳಗಿನ ಪಾಪ ವ್ಯಾಳ್ಯಾ ತಪ್ಪದಂಗ ಆಗತಿತ್ತು,
ಹೊರಗ ಆಕಿ ಮನಿ ನಡೀತಿತ್ತು.

ನಾನು ಗೇಟ್‌ಕೀಪರ್ ಪಾರೀಸನ ಮಗ,
ಒಳಗ ಹೊರಗ ಎರಡೂ ಕಡೆ ನನಗ ಪರವಾನಗಿ.
"ಹೆಂಗಿದ್ದಾನೋ ಅವ?" ಕೇಳತಿದ್ದಳು.
ಒಂದು ಪುಡಕಿ ಶೇಂಗಾಕ್ಕ ಒಂದು ಸುಳ್ಳು.
ಸೋಮವಾರ: ಅವನ ಹಲ್ಲು ಅಂದ್ರ ಲಾಳಿ,
ಬಾಯಾಗ ಅತ್ಲಾಗ ಇತ್ಲಾಗ ಓಡಾಡತಾವ.
ಮಂಗಳವಾರ: ಅವನಕಿಂತ ಮದ್ಲು
ಅವನ ನೆರಳು ಬಂದು ಬಾಗಿಲಾ ಬಡೀತದ.
ಬುಧವಾರ ಶೇಂಗಾ ಭಾಳ ಬಿಸಿ ಇದ್ದುವು, ಸುಳ್ಳೂ:
ಅವನ ಜೀವ ಅವನ ಹಂತ್ಯಾಕ ಇಲ್ಲ ಮಾಲನಬಿ,
ನಮ್ಮ ಊರಾಗ, ಯಾರದೋ ಮನಿ ಮಗ್ಗದಾಗ
ಒಂದು ಕರಿ ಎಳಿಯಾಗಿ ಸೀರಿಯೊಳಗ ಹೊಕ್ಕಾದ,
ಆ ಸೀರಿ ಹರಿಯೂತನಕ ಅವಗ ಸಾವಿಲ್ಲ.
ಮಾಲನಬಿ ತನ್ನ ಸೆರಗು ನೋಡಿಕೊಂಡಳು.
ನಗಲಿಲ್ಲ.

ಖರೇ ಹೇಳಬೇಕಂದ್ರ
ನಾನೂ ಅವನ ಮಾರಿ ನೋಡಿದ್ದಿಲ್ಲ.
ಅವ ಬಂದಾಗೆಲ್ಲ ಕಣ್ಣು ಮುಚ್ಚತಿದ್ದೆ.

ಒಂದಿನ ರೀಲು ಹರೀತು.
ಆಪರೇಟರ್ ಗುರುಪಾದ ಗಡಬಡಿಸಿ ಕತ್ತರಿ ಹಾಕಿ ಅಂಟಿಸಿದ,
ಉಳಿದದ್ದು ಒಂದ ನಗು.
ಮಾಲನಬಿ ಎರಡನೇದಕ್ಕ ಕಾದಳು
ತೊಡಿ ಮ್ಯಾಲ ಬುಟ್ಟಿ ಇಟಗೊಂಡು.
ಗಂಟಿ ಬಡೀತು. ಜನ ಬಂತು.
ಶೇಂಗಾ ಹಸಿ.
"ಏನಾತೋ ನಗಾಂವಗ?"
ದಿನಾ ಬರೂ ಬಸ್ಸು ಬರದಿದ್ರ
ಡ್ರೈವರನ ಮನಿಯಾಗ ಏನಾರ ಆತೇನೋ ಅಂತ ಕೇಳತಾರಲ್ಲ,
ಹಂಗ ಕೇಳಿದಳು.

ಟಾಕೀಸು ಮುಚ್ಚೂ ವಾರ ಅದೇ ಸಿನಿಮಾ ಮತ್ತ ಬಂತು,
ಬ್ಯಾರೆ ಪ್ರಿಂಟು, ನಗು ಎಲ್ಲಾ ಇದ್ದುವು.
ಅಪ್ಪ ಬಾಗಿಲ ತೆರದು ಕರದ: "ಬಾ ಮಾಲನಬಿ, ಟಿಕೀಟು ಬ್ಯಾಡ."
ಬಂದಳು. ಕುಂಡ್ರಲಿಲ್ಲ.
ಪರದೆಯ ಬುಡಕ್ಕ ಹೋಗಿ ಕತ್ತೆತ್ತಿ ನಿಂತಳು,
ಬಾಜೂಕ ನಾನು, ಅವತ್ತ ಮದ್ಲನೇ ಸಲ ಕಣ್ಣು ತೆರದು.
ಬಂದ ಅವ.
ಕಾಡಿಗಿ ಬಳಕೊಂಡ ಕಣ್ಣು,
ಅಂಟಿಸಿದ ಗಡ್ಡದ ಅಂಚು ಒಂದು ಕಡೆ ಎದ್ದಿತ್ತು,
ಕೊರಳಾಗ ಪ್ಲಾಸ್ಟಿಕ್ ಬುರುಡಿ.
ಯಾರೋ ಹೊಟ್ಟಿಪಾಡಿನ ಮನಷ್ಯಾ.

ಮಾಲನಬಿ ತಿರುಗಿ ನನ್ನ ಕಡೆ ನೋಡಿದಳು:
"ಇವ ಅಲ್ಲೋ."
ಅಷ್ಟರಾಗ ಎರಡನೇ ನಗು.
ಆಕಿ ಕೈ ತಾನ ಮ್ಯಾಲೆದ್ದಿತು,
ಕತ್ತಲಾಗ ಬೆಂಚಿಗೆ ಎಡವಿ ಹೊರಗ ಓಡಿದಳು,
ಉಸುಕು ಕಾದಿತ್ತು.
ಹಿಂದ ನಾನೂ ಓಡಿದೆ.
ಅವ ಸಾಯೂದನ್ನ ನಾವಿಬ್ಬರೂ ನೋಡಲಿಲ್ಲ.

ಆಮ್ಯಾಲ ಬಸ್ ಸ್ಟ್ಯಾಂಡಿನಾಗ ಕುಂಡ್ರತಿದ್ದಳು,
ಕರಿ ಅಂಚಿನ ಅದೇ ಹಳೇ ಸೀರಿ,
ಹರದಲ್ಲಿ ಹೊಲಕೊಂಡು, ಹೊಲದಲ್ಲಿ ಮತ್ತ ಹೊಲಕೊಂಡು.
ಹೊಸಾದು ಯಾಕ ತಗೋಲಿಲ್ಲ ಅಂತ
ನಾನು ಕೇಳಲಿಲ್ಲ.