ಏಳನೇ ಕಲಮು

ಪದಮಿತಿ ಇನ್ನೂರೈವತ್ತು.
ಏಳನೇ ಕಲಮಿನ ಮುಂದೆ ಕೂತಿದ್ದಾಳೆ ಲಿಮಾಕಾತ್ಸೊ,
ಮೊಕೊಟ್ಲೊಂಗಿನ ಆಸ್ಪತ್ರೆಯ ಹಿಂಬದಿ ಕೋಣೆಯಲ್ಲಿ,
ಹೆಗಲಿಗೆ ಕಂಬಳಿ, ಕಾಲಬಳಿ ಸೀಮೆಎಣ್ಣೆಯ ಒಲೆ.
ಲೆಸೊಥೊದ ಬೆಟ್ಟದಲ್ಲಿ ಜುಲೈ ಅಂದರೆ
ನಲ್ಲಿಯೊಳಗೇ ನೀರು ಕಲ್ಲಾಗುವ ಕಾಲ.

"ನಿಮ್ಮ ಸಂಶೋಧನೆಯಿಂದ ಏನು ಬದಲಾದೀತು, ವಿವರಿಸಿ."
ಕೇಳಿದವರು ಕಡಲಾಚೆಯವರು. ಒಳ್ಳೆಯವರೇ ಇರಬೇಕು.
ಕೊಡುವುದು ಎರಡು ವರ್ಷದ ತರಬೇತಿ, ಒಂದು ಪುಟ್ಟ ಇಡುಗಂಟು,
ಅಂಕಿಅಂಶದ ಪಾಠ, ಹೋಗಿಬರುವ ವಿಮಾನದ ಟಿಕೇಟು,
ಮತ್ತೆ, ಹೊತ್ತಲ್ಲದ ಹೊತ್ತಲ್ಲಿ ಅನುಮಾನ ಕೇಳಲು ಒಬ್ಬ ಗುರು.
ಕೊನೆಯದರ ಮೇಲೇ ಅವಳ ಆಸೆ.
ಹದಿಮೂರು ವರ್ಷದಿಂದ ಕಫದ ಡಬ್ಬಿಗಳಿಗೆ ಚೀಟಿ ಅಂಟಿಸಿದ್ದಾಳೆ,
ಅಂಟಿಸುತ್ತ ಅಂಟಿಸುತ್ತ ಒಂದು ಸಂಶಯ ಹತ್ತಿದೆ:
ಕ್ಷಯ ವಾಸಿಯಾಯಿತೆಂದು ಮನೆಗೆ ಕಳಿಸಿದವರೇ
ಮೂರನೇ ಚಳಿಗಾಲಕ್ಕೆ ಯಾಕೆ ವಾಪಸು ಬರುತ್ತಾರೆ?
ಸಂಶಯವನ್ನು ಪ್ರಶ್ನೆಯಾಗಿ ಪಳಗಿಸುವುದು ಹೇಗೆಂದು
ಕಲಿಸುವವರು ಈ ಜಿಲ್ಲೆಯಲ್ಲಿ ಯಾರೂ ಇಲ್ಲ.

ಹೋದ ವರ್ಷ ಉತ್ತರ ಬಂದಿತ್ತು:
"ವಿಷಯ ಮಹತ್ವದ್ದು. ಪ್ರಾಥಮಿಕ ದತ್ತಾಂಶ ಸಾಲದು."
ದತ್ತಾಂಶ ತರಲು ದುಡ್ಡು ಬೇಕು, ದುಡ್ಡು ತರಲು ದತ್ತಾಂಶ.
ಹುಚ್ಚು ಬಿಡದ ಹೊರತು ಮದುವೆಯಾಗದು,
ಮದುವೆಯಾಗದ ಹೊರತು ಹುಚ್ಚು ಬಿಡದು ಅನ್ನುತ್ತೇವೆ ನಾವು.
ಅವರ ಕಡೆ ಏನನ್ನುತ್ತಾರೋ.

ಖರ್ಚಿನ ಪಟ್ಟಿ ಮುಗಿದಿದೆ.
ಪ್ರಯಾಣದ ಕೆಳಗೆ ಮೂರು ಮನೆ: ವಿಮಾನ, ರೈಲು, ಬಾಡಿಗೆ ಕಾರು.
ರಸ್ತೆಯಿಲ್ಲದ ಹಳ್ಳಿಗಳಿಂದ ಡಬ್ಬಿ ಹೊತ್ತು ತರುವವನು
ಮೊಯೆಕೆತ್ಸಿ, ಕುದುರೆಯ ಮೇಲೆ.
ಕುದುರೆಗೆ ಅಲ್ಲಿ ಮನೆಯಿಲ್ಲ.
'ಇತರೆ' ಎಂಬಲ್ಲಿ ಬರೆದಳು: ಲಾಳ ಎಂಟು, ಹುಲ್ಲು ಆರು ಹೊರೆ.

ಏಳನೆಯದು ಮಾತ್ರ ಬಾಕಿ.
ಬರೆದದ್ದು ನಾನೂರ ಹತ್ತು ಪದ. ಕಡಿಯಬೇಕು.
'ಅತ್ಯಂತ' ಹೋಯಿತು.
'ದುರದೃಷ್ಟವಶಾತ್' ಹೋಯಿತು, ಅದು ಹೋಗಬೇಕಾದ್ದೇ.
ಮೂರು ಹಳ್ಳಿಗಳ ಹೆಸರು ಹೋದವು.
ಆಮೇಲೆ ಸೆಖೊನ್ಯಾನನ ಸರದಿ.

ಸೆಖೊನ್ಯಾನ, ವಯಸ್ಸು ಐವತ್ತೆಂಟು,
ವೆಲ್ಕೊಮ್ ಎಂಬಲ್ಲಿ ಇಪ್ಪತ್ತೆರಡು ವರ್ಷ
ನೆಲದಡಿ ಚಿನ್ನದ ಬಂಡೆ ಕೊರೆದವನು.
ಆ ಊರಿನ ಹೆಸರಿಗೆ ಸ್ವಾಗತ ಎಂದರ್ಥ.
ಬಂಡೆಯ ಧೂಳು ಎದೆಯೊಳಗೆ ಮನೆ ಕಟ್ಟಿಕೊಂಡಿದೆ.
ಅವನಿಗೂ ಒಂದು ಪದಮಿತಿಯಿದೆ: ಉಸಿರಿಗೆ ಮೂರು.
"ಮಗಳೇ, ನಿನ್ನೆ ರಾತ್ರಿ," ನಿಲ್ಲುತ್ತಾನೆ.
"ಮಲಗಲಿಲ್ಲ, ಕೂತೇ ಇದ್ದೆ," ನಿಲ್ಲುತ್ತಾನೆ.
ನಡುವಿನ ಮೌನದಲ್ಲಿ ಕಿಟಕಿಯಾಚೆ
ಒಂದು ಕುರಿಮಂದೆ ಪೂರ್ತಿ ದಾಟಿಹೋಗಬಹುದು.
ಇನ್ನೂರೈವತ್ತನ್ನು ಮೂರರಿಂದ ಭಾಗಿಸುತ್ತಾಳೆ, ಸುಮ್ಮನೆ:
ಎಂಬತ್ತಮೂರು ಉಸಿರು. ಒಂದು ಪದ ಉಳಿಯುತ್ತದೆ.

ಕನ್ನಡವಾಗಿದ್ದರೆ ಆ ಒಂದು ಪದ ಸಲೀಸು.
ಉಸಿರೂ ದಮ್ಮೇ, ಎದೆಗಾರಿಕೆಯೂ ದಮ್ಮೇ, ಉಬ್ಬಸವೂ ದಮ್ಮೇ;
ಬೇಡುವಾಗ ಬಾಯಿಗೆ ಬರುವುದೂ ದಮ್ಮಯ್ಯ.
ಅರ್ಜಿಯಲ್ಲಿ ಅದು ನಡೆಯುವುದಿಲ್ಲ.
ಅಲ್ಲಿ ದಮ್ಮಯ್ಯ ಎನ್ನಲು 'ಕಾರ್ಯಸಾಧ್ಯತೆ' ಎನ್ನಬೇಕು.

ಅವನ ಹೆಸರು ತೆಗೆದಳು. ವಯಸ್ಸು, ಊರು, ಕುರಿಮಂದೆ ತೆಗೆದಳು.
'ರೋಗಿಗಳು' ಎಂದಳು.
ಇನ್ನೂರೈವತ್ತೊಂದು.
ಅದನ್ನೂ ಅಳಿಸಹೋದ ಬೆರಳು ಯಾಕೋ ತಡೆದು,
ಎರಡು ಸಾಲು ಮೇಲಕ್ಕೆ ಹೋಗಿ 'ಸುಸ್ಥಿರ'ವನ್ನು ಕಿತ್ತಿತು.

ಕಳಿಸುವ ಗುಂಡಿ ಒತ್ತಿದಾಗ ಹನ್ನೊಂದೂ ನಲವತ್ತು.
ಗಡುವು ಹನ್ನೆರಡು. ಯಾವ ದೇಶದ ಹನ್ನೆರಡು, ಬರೆದಿಲ್ಲ.
ಪರದೆಯ ಮೇಲೆ ಸಣ್ಣ ಚಕ್ರವೊಂದು ಸುತ್ತುತ್ತ ಸುತ್ತುತ್ತ ಇರುವಾಗ
ಅಂಗಳದಲ್ಲಿ ಗೊರಸಿನ ಸದ್ದು.
ಹಿಮಕ್ಕೆ ಸಿಕ್ಕಿ ತಡವಾದ ಮೊಯೆಕೆತ್ಸಿ,
ಹೆಪ್ಪುಗಟ್ಟದಿರಲೆಂದು ಕಂಬಳಿಯೊಳಗೆ ಎದೆಗವಚಿ ತಂದ
ಹನ್ನೊಂದು ಡಬ್ಬಿಗಳನ್ನು ಮೇಜಿನ ಮೇಲಿಟ್ಟ. ಕೈ ಉಜ್ಜಿದ.
"ನನ್ನ ಕುದುರೆ ಬರೆದೆಯಾ?"
"ಬರೆದೆ."
"ಏನಂತ?"
"ಇತರೆ."
ಅವನು ನಕ್ಕ. "ಕೂಗಿ ನೋಡುತ್ತೇನೆ, ತಿರುಗುತ್ತಾಳೋ ಏನೋ."
ಅವಳು ಮೊದಲನೇ ಡಬ್ಬಿಗೆ ಚೀಟಿ ಅಂಟಿಸುತ್ತಿದ್ದಳು;
ಹೊರಗೆ ಕತ್ತಲಲ್ಲಿ ಅವನು ಕೂಗುವುದು ಕೇಳಿಸಿತು.