ಎಲೆ ಬದಲಿಸುವ ಶನಿವಾರ

ಶನಿವಾರ ರಾತ್ರಿ ಊಟದ ಮೇಜು ಒರೆಸಿ
ಅರವತ್ತು ಎಲೆ ಹರಡುತ್ತೇನೆ.
ಮೀನಿನ ವಾಸನೆ ಹತ್ತದಿರಲೆಂದು
ಒಂದೊಂದಕ್ಕೂ ಪ್ಲಾಸ್ಟಿಕ್ ಅಂಗಿ.
ಇಸ್ಪೀಟಾ, ಅಮ್ಮ ಕೇಳುತ್ತಾಳೆ.
ಅಲ್ಲಮ್ಮ.
ದುಡ್ಡಿಲ್ಲವಾ ಇದರಲ್ಲಿ?
ಇದೆ, ಹೋಗುವುದು ಮಾತ್ರ.

ಹೋದ ತಿಂಗಳು ಬಲ್ಮಠದ ಆ ಮಹಡಿಯಲ್ಲಿ
ಎಲ್ಲರ ಕೈಯಲ್ಲೂ ಬೆಂಕಿ.
ಎಂಟು ಮೇಜು, ಆರರಲ್ಲಿ ಕೆಂಡದ ಮರಿಗಳು,
ಕೆಳಗಿನ ಹೋಟೆಲಿನಲ್ಲಿ ಒಂದು ಬಾಣಲೆ ಬನ್ಸ್ ಉಬ್ಬುವಷ್ಟರಲ್ಲಿ
ನಾನು ಬೂದಿ.
ಸರಿ, ಗೋಡೆ ಕಟ್ಟಿದೆ.
ಉಪ್ಪುನೀರ ಕಾವಲುಗಾರರು ನಾಲ್ವರು, ಮಂಜಿನ ಬಾಗಿಲು ಮೂರು.
ಎರಡು ಭಾನುವಾರ ಗೆದ್ದೆ.
ಮೂರನೆಯದಕ್ಕೆ ಇಶಾಮ್ ನಗುತ್ತ ಬಂದು ಕೂತ.
ಅವನ ಕಟ್ಟಿನಲ್ಲಿ ಬೆಂಕಿಯೇ ಇಲ್ಲ,
ಬರೀ ಗೋಡೆ ಕೊರೆಯುವ ಹುಳು.
ನನ್ನನ್ನೇ ನೋಡಿ ಕಟ್ಟಿದ್ದು.
ಉರಿಯಿತು. ಒಳಗೊಳಗೆ ಹೆಮ್ಮೆಯೂ:
ಈ ಊರಿನಲ್ಲಿ ಬೇರೆ ಯಾರು ನನ್ನನ್ನು
ಇಷ್ಟು ಗಮನವಿಟ್ಟು ಓದಿದ್ದಾರೆ?

ತಮ್ಮಲೆಯ ನೆನಪಾಗುತ್ತದೆ, ಅಮ್ಮನ ಅಣ್ಣ, ಐತಪ್ಪ.
ಐತಾರ ಹುಟ್ಟಿದವ,
ಐತಾರವೇ ಕೋಳಿಕಟ್ಟಕ್ಕೆ ಹೊರಡುತ್ತಿದ್ದವ.
ಬನಿಯನ್ನಿನೊಳಗೆ ಮಡಚಿದ ಕುಕ್ಕುಟ ಪಂಚಾಂಗ:
ಇವತ್ತು ಬೊಳ್ಳೆಗೆ ಜಯ, ಉರಿಯೆಗೆ ಸೋಲು,
ಹೊತ್ತು ತಿರುಗಿದರೆ ಕೆಮ್ಮೈರೆ.
ಬಣ್ಣ ನೋಡಿ, ನಕ್ಷತ್ರ ನೋಡಿ ಹುಂಜ ಬದಲಿಸುತ್ತಿದ್ದ.
ಎದುರಿನವನೂ ಅದೇ ಪಂಚಾಂಗ ಕೊಂಡಿದ್ದಾನೆಂದು ಹೊಳೆದ ದಿನ
ಬೇಡವೆಂದು ಬರೆದದ್ದನ್ನೇ ಕಂಕುಳಲ್ಲಿ ಹಿಡಿದು ನಡೆದ.
ಎಷ್ಟೋ ಸಲ ಬರಿಗೈ. ಒಮ್ಮೆ ಪೊಲೀಸರು ಬಂದು
ಚಪ್ಪಲಿಯೂ ಇಲ್ಲದೆ ಗದ್ದೆ ಹಾರಿ ಮನೆ ಸೇರಿದ್ದ.
ಅತ್ತೆ ಬೈದರೆ ಅವನದೊಂದೇ ಉತ್ತರ,
"ಬರೆದದ್ದು ಸರಿಯೇ ಇತ್ತು ಮಾರಾಯ್ತಿ, ಕೋಳಿ ಓದಿರಲಿಲ್ಲ."

ನಾಳೆ ಯಾರು ಏನು ತರುತ್ತಾರೆ?
ಇಶಾಮನ ಹುಳು ಗೆದ್ದಿದೆ, ಅಂದರೆ ನಾಲ್ಕಾರು ಹುಳು.
ಹುಳಕ್ಕೆ ಹಕ್ಕಿ.
ವೆನ್ಸಿಟಾಳಿಗೂ ಇದು ಹೊಳೆದಿರುತ್ತದೆ, ಹಾಗಾದರೆ ಹಕ್ಕಿಗೆ ಬಲೆ.
ಬಲೆ ಹೆಚ್ಚಾದರೆ ಹುಳು ಕಣ್ಣಿನಿಂದ ಜಾರುತ್ತದೆ.
ಹಂಪನಕಟ್ಟೆಯ ಕನ್ನಡಕದಂಗಡಿಯಲ್ಲಿ
ದಿನವಿಡೀ ನಾನು ಕೇಳುವುದೂ ಇದೇ:
ಇದರಲ್ಲಿ ಚಂದ ಕಾಣುತ್ತದೋ, ಇದರಲ್ಲೋ?
ಗಾಜು ತಿರುಗಿಸಿ: ಈಗ?
ಎರಡೂ ಒಂದೇ ಅನ್ನುವಲ್ಲಿ ನಿಲ್ಲಿಸಬೇಕು.
ಹನ್ನೊಂದೂವರೆಗೆ ನನಗೆ ಎಲ್ಲವೂ ಒಂದೇ.

ತೆಗೆಯಬೇಕಾದ್ದು ದೋಣಿಯಜ್ಜಿಯನ್ನು.
ಆಟ ಕಲಿಯುವಾಗಿನಿಂದ ಇದ್ದವಳು, ಅಂಚು ಸವೆದಿದೆ,
ಮೂರು ಸರದಿ ಹುಟ್ಟು ಹಾಕಿ ಒಬ್ಬನನ್ನು ದಡ ಸೇರಿಸುತ್ತಾಳೆ.
ಈಗಿನ ಆಟಕ್ಕೆ ಅದು ಯಾವ ಮೂಲೆಗೆ?
ಸರಿಸಿದೆ. ಮತ್ತೆ ತಂದೆ. ಮತ್ತೆ ಸರಿಸಿದೆ.
ಅವಳ ಜೊತೆ ಉಪ್ಪುನೀರಿನ ನಾಲ್ವರನ್ನೂ ಕಳಿಸಿದೆ.
ಬೆಂಕಿ ಈಗ ಯಾರು ಆಡುತ್ತಾರೆ?

ಲ್ಯಾನ್ಸನ್ ಆಡುತ್ತಾನೆ.
ಜೆಪ್ಪುವಿನವ, ಉಗುರಲ್ಲಿ ಗ್ಯಾರೇಜಿನ ಗ್ರೀಸು,
ಹನ್ನೊಂದು ವಾರದಿಂದ ಅದೇ ಕೆಂಡ, ಅದೇ ಅರವತ್ತು,
ಹನ್ನೊಂದು ವಾರದಿಂದ ಅದೇ ಸೋಲು.
ಬದಲಿಸಲು ದುಡ್ಡಿಲ್ಲವೋ, ಮನಸ್ಸಿಲ್ಲವೋ,
ನಾವು ಯಾರೂ ಕೇಳಿಲ್ಲ.
ಭಾನುವಾರ ಹುಳು, ಹಕ್ಕಿ, ಬಲೆ
ಎಲ್ಲ ಸುಟ್ಟುಕೊಂಡು ಮೇಜಿಂದ ಮೇಜಿಗೆ ಬಂದ.
ಒಂದು ತಂಬಿಗೆ ನೀರು ತಂದವರಿರಲಿಲ್ಲ ಆ ಮಹಡಿಯಲ್ಲಿ.
ಕೊನೆಯ ಸುತ್ತು ನನ್ನೆದುರು ಕೂತು, ತುಸು ನಾಚಿ,
"ಬೇಜಾರು ಮಾಡ್ಬೇಡಿ ಹಾಂ, ಇದೊಂದು ಬಂದ್ರೆ ಮುಗೀತು."
ಎಳೆದ.
ಬಂತು.

ಸ್ಟೇಟ್ ಬ್ಯಾಂಕಿನಲ್ಲಿ ಬಸ್ಸು ಹೊರಡಲು ತಡ.
ಮೊಣಕಾಲ ಮೇಲೆ ಚೀಲವಿಟ್ಟು ಎಣಿಸಿದೆ:
ಮುಂದಿನ ವಾರ ಎಂಟರಲ್ಲಿ ಆರು ಬೆಂಕಿ.
ಅಲ್ಲ, ಎಲ್ಲರೂ ಹಾಗೆಂದುಕೊಂಡು ನೀರು ತರುತ್ತಾರೆ.
ಅಲ್ಲ, ಅದನ್ನು ಊಹಿಸಿ ಇಶಾಮ್—
ಎಲ್ಲಿಗೆ, ಕಂಡಕ್ಟರ್ ಕೇಳಿದ.
ಬೆರಳ ನಡುವೆ ದೋಣಿಯಜ್ಜಿ.
ಹೊಳೆಯಾಚೆ, ಅಂದೆ.
ಎಲ್ಲಿಗೇಂತ ಹೇಳಿ ಅಕ್ಕ.
ಉಳ್ಳಾಲ.