ಸಾತುರ್ನಿನಾಳ ಬಾಣಲೆ

ಮೊಟ್ಟೆ ಹುರಿಯುವ ಬಾಣಲೆಯಲ್ಲೇ
ಚಿನ್ನ ಕಾಯಿಸಿದೆ ನೀನು, ಹನ್ನೊಂದು ವರ್ಷ.
ಬೆಳ್ಳಿಬಣ್ಣದ ಉಂಡೆ, ಹೆಬ್ಬೆರಳಷ್ಟು,
ಹೊಗೆ ಬಿಟ್ಟು ಹಳದಿಗೆ ತಿರುಗುವಾಗ
ಒಲೆಗೂ ತೊಟ್ಟಿಲಿಗೂ ಮೂರೇ ಮಾರು.

ನನ್ನ ನುಡಿಯಲ್ಲಿ, ಸಾತುರ್ನಿನಾ,
ಕಾಲು ಒಂದೆಡೆ ನಿಲ್ಲದ ಹುಡುಗನನ್ನು
ಪಾದರಸ ಎಂದು ಮುದ್ದು ಮಾಡುತ್ತೇವೆ.
ನಿನ್ನ ಎಲಿಸ್ವಾನ್‌ಗೆ
ಅಂಗಿಯ ಗುಂಡಿ ಹಾಕಲು ಅರ್ಧ ಗಂಟೆ.
ಆ ಮಾತು ನಿನಗೆ ಹೇಳಲಿಲ್ಲ ನಾನು.

ದೇವರ ತಾಯಿಯ ಹೆಸರು ಹೊತ್ತ ನದಿ, ಮಾದ್ರೆ ದೆ ದಿಯೋಸ್.
ಕಾಡು ಕಡಿದು, ಮಣ್ಣು ಜಾಲಿಸಿ, ಬಿಟ್ಟುಹೋದ ಹೊಂಡಗಳು
ಒಂದೊಂದೂ ಒಂದೊಂದು ಹಸಿರು.
ದೊಡ್ಡ ಮೀನು ತಿನ್ನಬೇಡಿ ಎಂದು ಆಸ್ಪತ್ರೆ ಗೋಡೆಯ ಚಿತ್ರ;
ಸಂತೆಯಲ್ಲಿ ಬೇರೆ ಮೀನಿಲ್ಲ.

ಹೊಂಡದಂಚಿಗೆ ಮೊಣಕಾಲೂರಿ
ರೊಸಾಲ್ವಿನಾ ಕೆಸರು ತುಂಬುತ್ತಾಳೆ ಜಾಮ್ ಬಾಟಲಿಗೆ.
‘ಕಣ್ಣಿಗೆ ಕಾಣದವು ಇವೆ ಇದರಲ್ಲಿ, ಅಮ್ಮಾ.
ವಿಷದಲ್ಲೇ ಹುಟ್ಟಿ
ಅದರ ಹಲ್ಲು ಕಿತ್ತು ಉಗುಳಲು ಕಲಿತವು.’

ಉಗುಳಿದ್ದು ಎಲ್ಲಿಗೆ ಹೋಗುತ್ತೆ? ಕೇಳಿದೆ ನೀನು.
ಗಾಳಿಗೆ, ಎಂದಳು ಹುಡುಗಿ, ತಲೆ ತಗ್ಗಿಸಿ.
ನಕ್ಕುಬಿಟ್ಟೆ:
ನನ್ನ ಬಾಣಲೆಯೂ ಅಷ್ಟೇ ಮಾಡುತ್ತಿತ್ತಲ್ಲ!

ಈಗ ಬಾಟಲಿಯ ಬಾಯಿಗೊಂದು ಕೊಳವೆ,
ಕೊಳವೆಯ ತುದಿಗೆ ಇದ್ದಿಲಿನ ಡಬ್ಬಿ.
ಕಾಡಿನ ಕಸ್ತಾನ್ಯಾ ಚಿಪ್ಪಿನ ಇದ್ದಿಲು,
ಸುಟ್ಟು ಕೊಡುವವಳು ನೀನೇ.
ಒಲೆ ಅದೇ, ಬಾಣಲೆ ಬೇರೆ.

ಹಳೆಯದನ್ನು ಹಿತ್ತಿಲಲ್ಲಿ ಹೂತೆಯಂತೆ.
ರಾತ್ರಿ ಅನುಮಾನ ಬಂದು
ಅಗೆದು ತೆಗೆದೆಯಂತೆ.
ಎಲ್ಲಿಡಲಿ ಇದನ್ನು, ಹೇಳು, ಎನ್ನುತ್ತ
ಮಡಿಲಲ್ಲಿಟ್ಟುಕೊಂಡು ಕೂತಿದ್ದೀಯೆ,
ಬೆಳಗಿನಿಂದ.